ಕಬ್ಬಿನ ಬಿಲ್ಲಿನ ಹಿಂದಿನ ಕೈ

ಮುಧೋಳ, ಜಮಖಂಡಿ, ಬೀಳಗಿ ಸೀಮೆಯಲ್ಲಿ ಕಬ್ಬಿನ ಜಗಳ ಸುತ್ತುವುದೆಲ್ಲ ತೂಕ ಮತ್ತು ದರದ ಸುತ್ತಲೇ. 2025ರ ನವೆಂಬರ್‌ನಲ್ಲಿ ಮುಧೋಳದ ರೈತರು ಬೀದಿಗಿಳಿದದ್ದೂ ದರಕ್ಕಾಗಿ. ಇಂಥ ಜಗಳಗಳಲ್ಲಿ ಕಾರ್ಖಾನೆ, ಸರಕಾರ, ಕಾಟಾ ಎಲ್ಲವೂ ಬೈಗುಳ ತಿನ್ನುತ್ತವೆ. ಬಿಲ್ಲಿನ ಲೆಕ್ಕಕ್ಕೆ ತಂತ್ರಾಂಶ ಬರೆದವರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಕಾಯ್ದೆ ಓದುವುದು ವಕೀಲರ ಕೆಲಸ, ಸಂಯಮ ಖಾಸಗಿ ಗುಣ ಎಂದು ತಂತ್ರಾಂಶ ಕಲಿಸುವವರೂ ಕಲಿಯುವವರೂ ನಂಬಿಕೊಂಡಂತಿದೆ. ಕಬ್ಬಿನ ಬಿಲ್ಲನ್ನು ಬಿಡಿಸಿ ನೋಡಿದರೆ ಎರಡೂ ಕಸುಬಿನ ಕೌಶಲಗಳೇ, ಅದೂ ಒಂದನ್ನು ಬಿಟ್ಟು ಇನ್ನೊಂದು ನಿಲ್ಲದಂಥವು.

2025-26ರ ಹಂಗಾಮಿಗೆ ಕೇಂದ್ರ ಗೊತ್ತುಪಡಿಸಿದ ಎಫ್‌ಆರ್‌ಪಿ (ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ), 10.25% ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ 0.1 ಏರಿದಂತೆಲ್ಲ 3.46 ರೂಪಾಯಿ ಸೇರಬೇಕು, ಇಳಿದಂತೆಲ್ಲ ಅಷ್ಟೇ ಕಳೆಯಬೇಕು; ಆದರೆ 9.5%ಕ್ಕಿಂತ ಕೆಳಗಿಳಿದರೂ ದರ 329.05ಕ್ಕೇ ನಿಲ್ಲಬೇಕು. ಕೊನೆಯ ಷರತ್ತು ಗೊತ್ತಿಲ್ಲದ ಪ್ರೋಗ್ರಾಮರ್ ಎಷ್ಟೇ ಪ್ರಾಮಾಣಿಕನಿರಲಿ, ಅವನ ಸೂತ್ರ ಬಡ ಇಳುವರಿಯ ವರ್ಷದಲ್ಲಿ ರೈತನ ಕಿಸೆಗೆ ಕೈ ಹಾಕುತ್ತದೆ. ಒಳ್ಳೆಯ ಮನಸ್ಸೊಂದಿದ್ದರೆ ಸಾಕೆನ್ನುವ ವಾದ ಇಲ್ಲಿಗೇ ಬಿದ್ದುಹೋಗುತ್ತದೆ. ಇನ್ನು ಇಳುವರಿ 10.34 ಬಂತೆನ್ನಿ. ಪೂರ್ತಿ 0.1 ಏರಿಲ್ಲವೆಂದು ಸೊನ್ನೆ ಹಿಡಿಯಬಹುದು, ಅನುಪಾತದಲ್ಲಿ ಟನ್ನಿಗೆ ಸುಮಾರು 31 ರೂಪಾಯಿಯನ್ನೂ ಹಿಡಿಯಬಹುದು. ಹಂಗಾಮಿನಲ್ಲಿ 10 ಲಕ್ಷ ಟನ್ ಅರೆಯುವ ಕಾರ್ಖಾನೆಯಾದರೆ ಅಂತರ 3 ಕೋಟಿ ದಾಟುತ್ತದೆ. ಕೋಡ್‌ನಲ್ಲಿ ಅದು ಒಂದೇ ಸಾಲು. ಮಧ್ಯರಾತ್ರಿ ಕೆಲಸ ಮುಗಿಸುವ ಆತುರದಲ್ಲಿ ಆ ಸಾಲನ್ನು ಊಹೆಯಿಂದ ತುಂಬದೆ, ನಿಲ್ಲಿಸಿ, ಲಿಖಿತ ಉತ್ತರ ಕೇಳುವುದಿದೆಯಲ್ಲ, ಸ್ವಯಂನಿಯಂತ್ರಣ ಅಂದರೆ ನನ್ನ ದೃಷ್ಟಿಯಲ್ಲಿ ಅದು. ಧ್ಯಾನದ ಆ್ಯಪ್ ಅಲ್ಲ.

ಕಾಟಾಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಇದೆಯಲ್ಲ, ಸಾಲದೇ ಎನ್ನಬಹುದು. ಮುದ್ರೆ ತೂಕದ ಯಂತ್ರಕ್ಕೆ. ತೂಕದ ನಂತರ ನಡೆಯುವ ಗುಣಾಕಾರಕ್ಕಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ 15% ಬಡ್ಡಿ. ತಂತ್ರಾಂಶದಲ್ಲಿ ಬಡ್ಡಿಯ ಅಂಕಣವನ್ನೇ ಇಡದಿದ್ದರೆ ಯಾವ ಮುದ್ರೆಯೂ ಅದನ್ನು ಹಿಡಿಯಲಾರದು.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಪ್ರೋಗ್ರಾಮರ್ ಸಂಬಳದಾಳು, ಯಜಮಾನ ಹೇಳಿದಂತೆ ಬರೆಯುತ್ತಾನೆ. ಇದರಲ್ಲಿ ಅರ್ಧ ನಿಜವಿದೆ. ಆದರೆ ಕಾರು ಕಂಪನಿ ಫೋಕ್ಸ್‌ವ್ಯಾಗನ್ ತಂತ್ರಾಂಶದ ಮೂಲಕ ನಡೆಸಿದ ಹೊಗೆ ಪರೀಕ್ಷೆಯ ವಂಚನೆಯಲ್ಲಿ ಎಂಜಿನಿಯರ್ ಜೇಮ್ಸ್ ಲಿಯಾಂಗ್‌ಗೆ ಅಮೆರಿಕದ ನ್ಯಾಯಾಲಯ 2017ರಲ್ಲಿ 40 ತಿಂಗಳ ಸಜೆ ವಿಧಿಸಿತು. ಸಂಬಳದಾಳು ಎಂಬುದು ಅಲ್ಲಿ ಬಿಡುಗಡೆಯ ಚೀಟಿಯಾಗಲಿಲ್ಲ. ಎದುರು ಹೇಳುವ ಧೈರ್ಯವನ್ನು ಎಲ್ಲರಿಂದ ಬೇಡುವುದು ಅನ್ಯಾಯವೇ. ಆದರೆ ಷರತ್ತು, ಅದರ ಆಧಾರ, ಒಪ್ಪಿದವರ ಹೆಸರು, ಮೂರನ್ನೂ ದಾಖಲಿಸಿಡಲು ಶೌರ್ಯ ಬೇಕಿಲ್ಲ, ಶಿಸ್ತು ಸಾಕು. ಅದೇ ಸೂತ್ರವನ್ನು ಬಿಲ್ಲಿನ ಬೆನ್ನಿಗೆ ಮುದ್ರಿಸಿ ಕೊಟ್ಟರೆ, ಸೈದಾಪುರದ್ದೋ ಮಹಾಲಿಂಗಪುರದ್ದೋ ಯಾವ ರೈತನ ಮಗಳಾದರೂ ಶಾಲೆಯ ಗಣಿತದಲ್ಲೇ ಅದನ್ನು ತಾಳೆ ನೋಡಬಲ್ಲಳು.