ಅಡುಗೆ ಮಾಡಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನೋದು ನಮ್ಮ ಗಾದೆ. ಊರು ಬಿಟ್ಟವರು ಇನ್ನೊಂದು ಸೇರಿಸಬೇಕು: ಅಡುಗೆ ಮಾಡಿ ನೋಡು. ಮದರಾಸಿನಲ್ಲಿ 1951ರಲ್ಲಿ ಹೊರಬಂದ ಎಸ್. ಮೀನಾಕ್ಷಿ ಅಮ್ಮಾಳ್ ಅವರ ತಮಿಳು ಪಾಕಪುಸ್ತಕದ ಹೆಸರಿನ ಅರ್ಥವೂ ಅದೇ: 'ಸಮೈತ್ತುಪ್ಪಾರ್'.

1988ರಲ್ಲಿ ನನಗೆ ಹಾಸನದಿಂದ ಮದರಾಸಿಗೆ ವರ್ಗವಾಯಿತು. ಹೊಸದಾಗಿ ಮದುವೆಯಾಗಿತ್ತು. ಮಾಂಬಲದ ಬಾಡಿಗೆ ಮನೆಯಲ್ಲಿ ನನ್ನಾಕೆ ಹುಳಿಪುಡಿ ಮಾಡಲು ಹೊರಟರೆ ಯಾವುದು ಎಷ್ಟು ಅಂತ ಗೊತ್ತಿಲ್ಲ. ಎಸ್‌ಟಿಡಿ ಬೂತಿನಿಂದ ಊರಿನ ಪಕ್ಕದ ಮನೆಗೆ ಫೋನು ಮಾಡಿ ನಮ್ಮಮ್ಮನನ್ನು ಕರೆಸಿದೆವು. "ಎಲ್ಲಾ ಕಣ್ಣಳತೆ ಕಣಮ್ಮ. ನಾಕು ಹಿಡಿ ಧನಿಯ, ಒಂಚೂರು ಚಕ್ಕೆ, ಘಮ್ ಅನ್ನೋವರೆಗೂ ಹುರಿ." ಮೀಟರು ಓಡುತ್ತಿತ್ತು. ಯಾರ ಹಿಡಿ ಅಂತ ಕೇಳಲಿಕ್ಕೆ ಆಗಲಿಲ್ಲ.

ಎದುರುಮನೆ ಮಾಮಿ ತಮ್ಮ 'ಸಮೈತ್ತುಪ್ಪಾರ್' ತಂದು ಓದಿ ಹೇಳಿದರು. ನನ್ನಾಕೆ ಬ್ಯಾಂಕಿನ ಡೈರಿಯಲ್ಲಿ ಕನ್ನಡದಲ್ಲಿ ಬರೆದುಕೊಂಡಳು. ನಮ್ಮ ಸಂಸಾರ ಹಾಗೆ ಶುರುವಾಯಿತು.

ಹಳೆಯ ಪಾಕಪುಸ್ತಕಗಳ ಸೊಗಸು ಅಂದರೆ ಎಲ್ಲರೂ ಹಳದಿ ಹಾಳೆ, ಎಣ್ಣೆ ಕಲೆ ಅಂತಾರೆ. ನನಗೆ ಹಾಗನ್ನಿಸೋದಿಲ್ಲ. ಈ ಪುಸ್ತಕದ ಸೊಗಸು ಇರೋದು ಅದರ ಲೆಕ್ಕದಲ್ಲಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಮೀನಾಕ್ಷಿ ಅಮ್ಮಾಳ್, ಬಂಧುಗಳು ಕೇಳಿದಾಗಲೆಲ್ಲ ಅಡುಗೆಯ ವಿಧಾನ ಬರೆದು ಕಳಿಸುತ್ತಿದ್ದರಂತೆ. ಬಂಧುವೊಬ್ಬರು ಪುಸ್ತಕ ಮಾಡು ಎಂದರು. ಹಾಗಾಗಿ ಎದುರಿಗಿಲ್ಲದವರಿಗೆ ಹೇಳುವ ಕಾಳಜಿ ಇಲ್ಲಿ ಎದ್ದು ಕಾಣುತ್ತದೆ. ಏನೂ ಬಾರದವಳು ಓದುತ್ತಿದ್ದಾಳೆ ಎಂದುಕೊಂಡೇ ಬರೆದಿದ್ದಾರೆ. ಅಳತೆ ಆಗಿನ ಆಳಾಕ್ಕು, ಪಲಂಗಳಲ್ಲಿ. ಎಂಟು ಆಳಾಕ್ಕಿಗೆ ಒಂದು ಪಡಿ. ನಮ್ಮಲ್ಲಿ ನಾಲ್ಕು ಪಾವಿಗೆ ಒಂದು ಸೇರು ಇದ್ದ ಹಾಗೆ. ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಮಾಮಿ ಎವರ್‌ಸಿಲ್ವರ್ ಲೋಟದಲ್ಲಿ ಆಳಾಕ್ಕು ತೋರಿಸಿಕೊಟ್ಟ ಮೇಲೆ ನಮಗೆ ತೊಂದರೆಯಾಗಲಿಲ್ಲ. ಕಣ್ಣಳತೆ ರೈಲು ಹತ್ತಿ ಬರೋದಿಲ್ಲ, ಲೋಟ ಬರುತ್ತೆ.

ಕೊರತೆಯೂ ಇದೆ. ಇದು ಒಂದು ತಮಿಳು ಬ್ರಾಹ್ಮಣ ಮನೆಯ ಅಡುಗೆ. ಚೆಟ್ಟಿನಾಡಿನ ಕೋಳಿ, ಕರಾವಳಿಯ ಮೀನು ಇದರ ಹೊಸಲಿನ ಆಚೆಗೇ ಉಳಿದವು. ತಮಿಳುನಾಡಿನ ಊಟ ಎಂದರೆ ಇಷ್ಟೇ ಎಂದುಕೊಂಡರೆ ತಪ್ಪಾಗುತ್ತದೆ. ನಮ್ಮ ಮಟ್ಟಿಗೂ ಅಷ್ಟೇ: ಮಾಡಿದ ಸಾಂಬಾರು ಚೆನ್ನಾಗಿತ್ತು, ಆದರೆ ಹುಳಿಯಾಗಲಿಲ್ಲ. ಚಕ್ಕೆಯ ಘಮ, ಬ್ಯಾಡಗಿಯ ಬಣ್ಣ, ಬೆಲ್ಲದ ಚೂರು ಇಲ್ಲದೆ ನಮ್ಮ ಬಾಯಿ ಒಪ್ಪಲಿಲ್ಲ. ಪರರ ಪುಸ್ತಕ ಹೊಟ್ಟೆ ತುಂಬಿಸಿತು. ಅಮ್ಮನ ಅಡುಗೆಯನ್ನು ಅದು ಬರೆದಿಟ್ಟಿರಲಿಲ್ಲ, ಬರೆಯಬೇಕಾದವರು ನಾವೇ.

ಇದು ಹೊಳೆಯಲು ನನಗೆ ಇಪ್ಪತ್ತೊಂದು ವರ್ಷ ಬೇಕಾಯಿತು. 2009ರಲ್ಲಿ ಚೆನ್ನೈಯಿಂದ ಪುಟ್ಟ ತಕ್ಕಡಿ ಹೊತ್ತುಕೊಂಡು ಹಾಸನಕ್ಕೆ ಹೋದೆ. ಅಮ್ಮ ಒಂದೊಂದು ಹಿಡಿ ಧನಿಯ ತೆಗೆದ ಹಾಗೂ ತೂಗಿದೆ: 22 ಗ್ರಾಂ, 27, 24. ಲೆಕ್ಕ ಟ್ಯಾಲಿ ಆಗಲಿಲ್ಲ. "ಅದನ್ನೇನು ತೂಗ್ತೀಯೋ, ಬ್ಯಾಂಕಿನವನೇ" ಅಂತ ನಕ್ಕಳು. ಸರಾಸರಿ ತೆಗೆದು ಅದೇ ಹಳೆ ಡೈರಿಯಲ್ಲಿ ಬರೆದೆ. ಎರಡು ವರ್ಷಕ್ಕೆ ಅಮ್ಮ ಹೋದಳು.

ಆ ಲೆಕ್ಕದ ಪ್ರಕಾರ ಪುಡಿ ಮಾಡಿದಾಗಲೆಲ್ಲ ನನ್ನಾಕೆ ಮೂಸಿ ನೋಡಿ, "ಅತ್ತೆ ಮಾಡಿದ ಹಾಗಿಲ್ಲ ಕಣ್ರೀ" ಅಂತಾಳೆ. ನಿಜ. ಆದರೂ ದೆಹಲಿಯಲ್ಲಿರುವ ಮಗಳು ಕೇಳಿದರೆ ಕಳಿಸಲಿಕ್ಕೆ ಒಂದು ಪುಟವಾದರೂ ಇದೆ. ಊರಲ್ಲೇ ಇರುವವರು, ಅಮ್ಮ ಕೈಗೆಟುಕುವ ಹಾಗಿದ್ದಾಗಲೇ, ದಯವಿಟ್ಟು ತಕ್ಕಡಿ ಹಿಡಿದು ಕೂತುಕೊಳ್ಳಿ.