ಯೂನಿಕ್ಸ್ ಅಂಗಡಿಯಲ್ಲಿ ಮುಕ್ತ ತಂತ್ರಾಂಶ

ಯೂನಿಕ್ಸ್ ಮಾರುವ ಕಂಪನಿಗಳು ಮುಕ್ತ ತಂತ್ರಾಂಶವನ್ನು ಮನಸ್ಸಿಟ್ಟು ಒಳಗೆ ಕರೆದುಕೊಂಡದ್ದಲ್ಲ; ಬಳಕೆದಾರರೇ ತಂದು ಹಾಕಿಕೊಳ್ಳತೊಡಗಿದಾಗ ಬೇರೆ ದಾರಿ ಉಳಿಯಲಿಲ್ಲ. 1992ರಲ್ಲಿ ಬಂದ ತನ್ನ ಯೂನಿಕ್ಸ್ ಸೋಲಾರಿಸ್ 2ರಿಂದ ಸನ್ ಕಂಪನಿ ಸಿ ಕಂಪೈಲರನ್ನು ಹೊರಗಿಟ್ಟು, ಅದಕ್ಕೆ ಪ್ರತ್ಯೇಕ ಬೆಲೆ ಕಟ್ಟಿತು. ಜನ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಕಂಪೈಲರಾದ ಜಿಸಿಸಿಯತ್ತ ಹೊರಳಿದರು. 2000ದಲ್ಲಿ ಬಂದ ಸೋಲಾರಿಸ್ 8ರ ಹೊತ್ತಿಗೆ ಬ್ಯಾಶ್, ಪರ್ಲ್ ವ್ಯವಸ್ಥೆಯೊಳಗೇ ಸೇರಿದ್ದವು. ಉಳಿದ ಗ್ನೂ ಸಾಮಗ್ರಿ ಬೇರೊಂದು ಸಿಡಿಯಲ್ಲಿ ಬರುತ್ತಿತ್ತು. ಮರುವರ್ಷ ಐಬಿಎಂ ತನ್ನ ಯೂನಿಕ್ಸ್ ಆದ ಎಐಎಕ್ಸ್‌ಗೆ ಇಂಥದೇ ಟೂಲ್‌ಬಾಕ್ಸ್ ಕೊಟ್ಟಿತು. ಎಸ್‌ಸಿಒ ಕಂಪನಿಯ 'ಸ್ಕಂಕ್‌ವೇರ್' ಸಿಡಿ ಇವೆರಡಕ್ಕಿಂತ ಹಳೆಯದು. ಹೆಸರಿನಲ್ಲೇ ತುಂಟತನ ಇದ್ದದ್ದು ಅದೊಂದಕ್ಕೇ.

ಕೊಟ್ಟರೂ ಪಂಕ್ತಿಭೇದ ಬಿಡಲಿಲ್ಲ. ಸೋಲಾರಿಸ್‌ನಲ್ಲಿ, ಕಡತಗಳನ್ನು ಒಂದು ಗಂಟಾಗಿ ಕಟ್ಟಿ ಬಿಚ್ಚುವ 'ಟಾರ್' ಆಜ್ಞೆಯನ್ನು ಟೈಪಿಸಿದರೆ ಓಡುತ್ತಿದ್ದದ್ದು ಸನ್‌ನ ಟಾರ್. ಜಿಜಿಪ್ ಕಡತವನ್ನು ನೇರವಾಗಿ ಬಿಚ್ಚುವ 'ಝಡ್' ಆಯ್ಕೆ ಅದಕ್ಕೆ ಗೊತ್ತಿರಲಿಲ್ಲ. ಅದು ಬೇಕಿದ್ದವರು ಗ್ನೂ ಟಾರ್‌ಗಾಗಿ 'ಜಿಟಾರ್' ಎನ್ನಬೇಕಿತ್ತು. ಹಳೆಯ ಸ್ಕ್ರಿಪ್ಟ್‌ಗಳು ಕೆಡಬಾರದೆಂಬ ಕಾರಣ ನ್ಯಾಯವಾದದ್ದೇ. ಆದರೆ ಆ ಸಿಡಿಯ ತಂತ್ರಾಂಶಕ್ಕೆ ಕಂಪನಿಯ ಬೆಂಬಲ ಇರಲಿಲ್ಲ. ಕೆಟ್ಟರೆ ಬಳಸಿದವರೇ ನೋಡಿಕೊಳ್ಳಬೇಕಿತ್ತು.

ಈ ಲೆಕ್ಕ ತಲೆಕೆಳಗಾದದ್ದನ್ನು ಚೆನ್ನೈ ಹತ್ತಿರದಿಂದ ಕಂಡಿತು. 1993ರಲ್ಲಿ ಎಟಿ ಅಂಡ್ ಟಿಯಿಂದ ಯೂನಿಕ್ಸನ್ನೇ ಕೊಂಡಿದ್ದ ನೋವೆಲ್, 1995ರಲ್ಲಿ ಆ ವ್ಯವಹಾರವನ್ನು ಎಸ್‌ಸಿಒಗೆ ಮಾರಿ, 2004ರ ಆರಂಭದಲ್ಲಿ ಜರ್ಮನಿಯ ಸೂಸೆ ಲಿನಕ್ಸನ್ನು ತನ್ನದಾಗಿಸಿಕೊಂಡಿತು. ಅದೇ ದಶಕದಲ್ಲಿ ನಂದನಂನ ಎಲ್ಕಾಟ್, ಅಂದರೆ ತಮಿಳುನಾಡು ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ, ಸಿ. ಉಮಾಶಂಕರ್ ವ್ಯವಸ್ಥಾಪಕ ನಿರ್ದೇಶಕರಾಗಿದ್ದಾಗ ಕಚೇರಿ ಮತ್ತು ಶಾಲೆಗಳ ಕಂಪ್ಯೂಟರಿಗೆ ಸೂಸೆಯನ್ನೇ ಆರಿಸಿತು. ವೈರಸ್ ಕಾಟ, ಲೈಸೆನ್ಸ್ ಖರ್ಚು ಎರಡೂ ತಪ್ಪುತ್ತಿದ್ದವು. ಇತ್ತ 2007ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯವೊಂದು ಯೂನಿಕ್ಸ್‌ನ ಹಕ್ಕುಸ್ವಾಮ್ಯ ಎಸ್‌ಸಿಒದ್ದಲ್ಲ, ನೋವೆಲ್‌ನದೇ ಎಂದಿತು. ಯೂನಿಕ್ಸ್‌ನ ಹಕ್ಕುದಾರನೇ ಲಿನಕ್ಸ್ ಮಾರಾಟಗಾರ! ದುಡ್ಡು ಹುಟ್ಟುತ್ತಿದ್ದದ್ದು ಪ್ರತಿಗಳಿಂದಲ್ಲ, ಬೆಂಬಲದ ಒಪ್ಪಂದದಿಂದ. ಸೋಲಾರಿಸ್ ಸಿಡಿಯಲ್ಲಿ ಇಲ್ಲದ್ದು ಅದೇ ತಾನೆ.

ಚೆನ್ನೈನ ಸಿ-ಡ್ಯಾಕ್ ಕೇಂದ್ರ ಡೆಬಿಯನ್ ಆಧರಿಸಿ ಕಟ್ಟಿದ 'ಬಾಸ್' ಲಿನಕ್ಸ್ ಹೊರಬಂದದ್ದೂ 2007ರಲ್ಲೇ. 2011ರ ಸೆಪ್ಟೆಂಬರಿನಲ್ಲಿ ರಾಜ್ಯದ ವಿದ್ಯಾರ್ಥಿಗಳಿಗೆ ಎಲ್ಕಾಟ್ ಮೂಲಕ ಉಚಿತ ಲ್ಯಾಪ್‌ಟಾಪ್ ಹಂಚಿಕೆ ಶುರುವಾದಾಗ, ಅವುಗಳಲ್ಲಿ ವಿಂಡೋಸ್ ಪಕ್ಕದಲ್ಲಿ ಬಾಸ್ ಕೂಡ ಇತ್ತು. ಯಾವುದನ್ನು ತೆರೆಯಬೇಕೆಂಬುದು ಯಂತ್ರ ಚಾಲೂ ಮಾಡುವವರಿಗೆ ಬಿಟ್ಟದ್ದು.