ಪದಕ ಪಡೆದ ಪುಸ್ತಕಗಳಲ್ಲಿ ಅಮ್ಮ ಯಾಕಿಲ್ಲ?

ಬಹುಮಾನ ಬಂದ ಪುಸ್ತಕವೆಂದರೆ ನಮ್ಮಲ್ಲಿ ಅನೇಕರಿಗೆ ಒಂದು ಬಗೆಯ ಭಯಭಕ್ತಿ. ಅದರಲ್ಲೂ ಮಕ್ಕಳಿಗಾಗಿ ಪುಸ್ತಕ ಕೊಳ್ಳುವಾಗ ಮುಖಪುಟದ ಮೇಲೆ ಪದಕದ ಚಿತ್ರ ಕಂಡರೆ ಸಾಕು, ‘ತಿಳಿದವರು ಯಾರೋ ಓದಿ ಒಪ್ಪಿದ್ದಾರಲ್ಲ’ ಎಂಬ ಧೈರ್ಯದಿಂದ ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಮಗು ಅದನ್ನು ಓದುತ್ತದೋ ಬಿಡುತ್ತದೋ, ಶೋಕೇಸಿನಲ್ಲಂತೂ ಚೆನ್ನಾಗಿ ಕಾಣುತ್ತದೆ!

ಇಂಥ ಪದಕಗಳಲ್ಲಿ ತುಂಬ ಹಳೆಯದು, ಹೆಸರಾದದ್ದು ಅಮೆರಿಕದ ನ್ಯೂಬೆರಿ ಪದಕ. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನಲ್ಲಿ ಮಕ್ಕಳಿಗೆಂದೇ ಪುಸ್ತಕ ಅಚ್ಚು ಹಾಕಿಸಿ ಮಾರಿದ ಜಾನ್ ನ್ಯೂಬೆರಿ ಎಂಬ ವ್ಯಾಪಾರಿಯ ಹೆಸರು ಅದಕ್ಕೆ. 1921ರಲ್ಲಿ ಫ್ರೆಡರಿಕ್ ಮೆಲ್ಚರ್ ಎಂಬವರು ಸಲಹೆ ಕೊಟ್ಟರು, 1922ರಲ್ಲಿ ಮೊದಲ ಪದಕ ಸಂದಿತು. ಕೊಡುವವರು ಅಲ್ಲಿನ ಗ್ರಂಥಾಲಯ ಸಂಘದ ಮಕ್ಕಳ ವಿಭಾಗದವರು. ವರ್ಷಕ್ಕೆ ಒಂದೇ ಪದಕ. ಅದರ ಹಿಂದೆ ನಿಂತ ಕೆಲವಕ್ಕೆ ‘ಗೌರವ ಪುಸ್ತಕ’ವೆಂಬ ಮನ್ನಣೆ. 1928ರಷ್ಟು ಹಿಂದೆಯೇ, ಬಂಗಾಳದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಧನಗೋಪಾಲ ಮುಖರ್ಜಿಯವರ ‘ಗೇ ನೆಕ್’ ಎಂಬ ಪಾರಿವಾಳದ ಕತೆಗೆ ಈ ಪದಕ ಬಂದಿತ್ತು ಎಂಬುದು ನಮಗೂ ಹೆಮ್ಮೆಯ ವಿಷಯವೇ.

ನನ್ನ ಅಕ್ಕನ ಮಗಳು ಅಮೆರಿಕದಿಂದ ಬಂದಾಗಲೆಲ್ಲ ತನ್ನ ಮಕ್ಕಳು ಓದಿ ಬಿಟ್ಟ ಪುಸ್ತಕಗಳನ್ನು ತಂದು ನನ್ನ ಮುಂದೆ ಸುರಿಯುತ್ತಾಳೆ. ‘ಚಿಕ್ಕಮ್ಮ, ನಿಮ್ಮ ಶಾಲೆಯ ಮಕ್ಕಳಿಗೆ ಆಗುತ್ತೆ, ಇಟ್ಟುಕೊಳ್ಳಿ’ ಎನ್ನುತ್ತಾಳೆ. ಮಕ್ಕಳಿಗೆ ಕೊಡುವ ಮೊದಲು ನಾನು ಓದದೆ ಬಿಡುವುದಿಲ್ಲ. ಹಾಗೆ ರಜೆಗಳಲ್ಲಿ ಒಂದೊಂದಾಗಿ ಓದುತ್ತ ಹೋದಾಗ ಒಂದು ಸಂಗತಿ ಮನಸ್ಸಿಗೆ ಚುಚ್ಚಲಾರಂಭಿಸಿತು. ಈ ಪದಕ ಪಡೆದ ಕತೆಗಳಲ್ಲಿ ಮಕ್ಕಳಿದ್ದಾರೆ, ಅಪ್ಪಂದಿರಿದ್ದಾರೆ, ಅಜ್ಜ ಅಜ್ಜಿಯರಿದ್ದಾರೆ, ನಾಯಿ ಬೆಕ್ಕುಗಳೂ ಇವೆ. ಅಮ್ಮ ಮಾತ್ರ ಮತ್ತೆ ಮತ್ತೆ ಕಾಣೆಯಾಗುತ್ತಾಳೆ!

ಉದಾಹರಣೆಗೆ ನೋಡಿ. 1986ರ ‘ಸಾರಾ, ಪ್ಲೇನ್ ಅಂಡ್ ಟಾಲ್’ನಲ್ಲಿ ಮಗ ಹುಟ್ಟಿದ ಮರುದಿನವೇ ತಾಯಿ ತೀರಿಕೊಂಡಿದ್ದಾಳೆ. 1993ರ ‘ಮಿಸ್ಸಿಂಗ್ ಮೇ’ಯಲ್ಲಿ ತಬ್ಬಲಿ ಹುಡುಗಿಯನ್ನು ತಾಯಿಯಂತೆ ಸಾಕಿದವಳು ಸತ್ತಿದ್ದಾಳೆ. 1995ರ ‘ವಾಕ್ ಟೂ ಮೂನ್ಸ್’ನಲ್ಲಿ ಬಸ್ ಅಪಘಾತ. 1998ರ ‘ಔಟ್ ಆಫ್ ದಿ ಡಸ್ಟ್’ನಲ್ಲಿ ಸೀಮೆಎಣ್ಣೆಯ ಬೆಂಕಿ. 2007ರ ‘ದಿ ಹೈಯರ್ ಪವರ್ ಆಫ್ ಲಕ್ಕಿ’ಯಲ್ಲಿ ಬಿರುಗಾಳಿಗೆ ಬಿದ್ದ ವಿದ್ಯುತ್ ತಂತಿ. ಗೌರವ ಪಡೆದ ಪುಸ್ತಕಗಳಿಗೆ ಬಂದರೆ, 2019ರ ‘ದಿ ನೈಟ್ ಡೈರಿ’ಯಲ್ಲಿ ಹೆರಿಗೆ, 2022ರ ‘ರೆಡ್, ವೈಟ್ ಅಂಡ್ ಹೋಲ್’ನಲ್ಲಿ ರಕ್ತದ ಕ್ಯಾನ್ಸರ್. ಎಲ್ಲ ವರ್ಷವೂ ಹೀಗೇ ಎಂದು ನಾನು ಹೇಳುತ್ತಿಲ್ಲ. ಮನೆ ಬಿಟ್ಟು ಓಡಿಹೋದ ಅಕ್ಕ ತಮ್ಮ ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿ ಅಡಗಿ ಕೂರುವ ಮೋಜಿನ ಕತೆಗೆ 1968ರಲ್ಲಿ ಪದಕ ಬಂದಿದೆ. ಆದರೂ ಇಷ್ಟೊಂದು ತಾಯಂದಿರು ಸಾಯುವುದನ್ನು ಕಂಡಾಗ, ತಾಯಿಯಾದ ನಾನು ಕೇಳಲೇಬೇಕಾಯಿತು, ಇದು ಯಾಕೆ?

ಕತೆಗಾರರ ಕಷ್ಟ ನನಗೆ ಅರ್ಥವಾಗುತ್ತದೆ. ಅಮ್ಮ ಮನೆಯಲ್ಲಿದ್ದರೆ ಕತೆ ಹೊಸಿಲು ದಾಟುವುದೇ ಇಲ್ಲ! ‘ಊಟ ಮಾಡಿ ಹೋಗು’, ‘ಹೊತ್ತು ಮುಳುಗಿತು, ಒಳಗೆ ಬಾ’ ಎನ್ನುವವಳು ಇರುವಾಗ ಹುಡುಗಿ ಊರೂರು ಅಲೆಯುವುದೆಂತು? ನಮ್ಮ ಅಜ್ಜಿಯರೂ ಎಷ್ಟೋ ಕತೆಗಳಲ್ಲಿ ಮೊದಲ ವಾಕ್ಯದಲ್ಲೇ ತಾಯಿಯನ್ನು ಸಾಯಿಸಿ, ಎರಡನೆಯ ವಾಕ್ಯದಲ್ಲಿ ಮಲತಾಯಿಯನ್ನು ಕರೆತರುತ್ತಿದ್ದರು. ಅದು ಕತೆ ಕಟ್ಟುವವರ ಹಳೆಯ ಉಪಾಯ.

ನನ್ನ ತಕರಾರು ತೀರ್ಪುಗಾರರ ಬಗ್ಗೆ. ಅಳಿಸುವ ಪುಸ್ತಕ ಆಳವಾದದ್ದು, ನಗಿಸುವ ಪುಸ್ತಕ ಹಗುರವಾದದ್ದು ಎಂಬ ಒಂದು ನಂಬಿಕೆ ದೊಡ್ಡವರಲ್ಲಿ ಬೇರೂರಿದೆ. ಬೆವರ್ಲಿ ಕ್ಲಿಯರಿ ಎಂಬ ಲೇಖಕಿಯನ್ನೇ ತೆಗೆದುಕೊಳ್ಳಿ. ರಮೋನಾ ಎಂಬ ತುಂಟ ಹುಡುಗಿಯ ಕತೆಗಳನ್ನು ಬರೆದು ತಲೆಮಾರುಗಳನ್ನು ನಗಿಸಿದವರು ಆಕೆ. ಅಪ್ಪನ ಕೆಲಸ ಹೋದ ಮನೆಯ ಚಿಂತೆಯನ್ನೂ ಆ ನಗುವಿನೊಳಗೇ ಹೇಳಿದವರು. ಆ ಕತೆಗಳಿಗೆ 1978ರಲ್ಲಿ ಒಮ್ಮೆ, 1982ರಲ್ಲಿ ಇನ್ನೊಮ್ಮೆ ‘ಗೌರವ’ ಮಾತ್ರ ದೊರೆಯಿತು. ತಂದೆತಾಯಿ ವಿಚ್ಛೇದನ ಪಡೆದ ಹುಡುಗನೊಬ್ಬನ ದುಃಖವನ್ನು ‘ಡಿಯರ್ ಮಿಸ್ಟರ್ ಹೆನ್ಷಾ’ದಲ್ಲಿ ಬರೆದಾಗ, 1984ರಲ್ಲಿ, ಪದಕ ಬಂತು. ಅದೂ ಒಳ್ಳೆಯ ಪುಸ್ತಕವೇ. ಆದರೆ ನಗಿಸುವ ಕೈಗೆ ಪದಕ ಕೊಡಲು ಅದು ಅಳಿಸುವವರೆಗೆ ಕಾಯಬೇಕಾಯಿತೇ?

ಇನ್ನೊಂದು ವಿನೋದ ಕೇಳಿ. 2007ರ ಲಕ್ಕಿಯ ಕತೆಗೆ ಪದಕ ಬಂದಾಗ ಆ ದೇಶದಲ್ಲಿ ಗಲಾಟೆಯೆದ್ದಿತು. ಹತ್ತು ವರ್ಷದ ಹುಡುಗಿ ತಾಯಿಯ ಚಿತಾಭಸ್ಮವನ್ನು ಜೊತೆಗಿಟ್ಟುಕೊಂಡು ಬದುಕುತ್ತಾಳಲ್ಲ ಎಂದೇ? ಅಲ್ಲ! ಮೊದಲ ಪುಟದಲ್ಲೇ ಹಾವು ಕಚ್ಚಿದ ನಾಯಿಯ ಗುಪ್ತಾಂಗದ ಹೆಸರು ಬಂದಿದೆಯೆಂದು. ಆ ಒಂದು ಪದಕ್ಕಾಗಿ ಪುಸ್ತಕವನ್ನೇ ದೂರವಿಟ್ಟ ಗ್ರಂಥಾಲಯಗಳೂ ಇದ್ದವು. ಮಗು ಸಾವನ್ನು ಓದಬಹುದು, ಶರೀರದ ಭಾಗವೊಂದರ ಹೆಸರನ್ನು ಓದಬಾರದು! ದೊಡ್ಡವರ ಭಯಗಳೇ ಬೇರೆ.

ಇಷ್ಟು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು. ತಾಯಿಯಿಲ್ಲದ ಹುಡುಗಿಯರು ವರ್ಷಕ್ಕೊಬ್ಬಳೋ ಇಬ್ಬರೋ ತರಗತಿಯಲ್ಲಿ ಇದ್ದೇ ಇರುತ್ತಾರೆ. ಯಾರೂ ಹೇಳಬೇಕಿಲ್ಲ, ಜಡೆ ನೋಡಿದರೆ ತಿಳಿಯುತ್ತದೆ. ಬೈತಲೆ ಸೊಟ್ಟಗಿರುತ್ತದೆ, ರಿಬ್ಬನ್ನು ಮಧ್ಯಾಹ್ನದ ಹೊತ್ತಿಗೇ ಬಿಚ್ಚಿಕೊಂಡಿರುತ್ತದೆ. ಆ ಹುಡುಗಿ ‘ಮಿಸ್, ಓದೋಕೆ ಒಂದು ಪುಸ್ತಕ ಕೊಡಿ’ ಎಂದು ಬಂದು ನಿಂತರೆ ಇವುಗಳಲ್ಲಿ ಯಾವುದನ್ನು ಕೊಡಲಿ? ಕೊಡಲೋ ಬೇಡವೋ? ಪದಕದ ಮುದ್ರೆ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಆ ಹುಡುಗಿಯ ಕಣ್ಣಿನಿಂದ ಈ ಪುಸ್ತಕಗಳನ್ನು ಮತ್ತೆ ಓದಿದೆ.

ಹಾಗೆ ಓದಿದಾಗ ‘ವಾಕ್ ಟೂ ಮೂನ್ಸ್’ ನನಗೆ ಒಪ್ಪಿಗೆಯಾಗಲಿಲ್ಲ. ಸಲಮಾಂಕಾ ಎಂಬ ಹುಡುಗಿ ಅಜ್ಜ ಅಜ್ಜಿಯೊಡನೆ ಕಾರಿನಲ್ಲಿ ಒಹಾಯೋದಿಂದ ಐಡಾಹೋವರೆಗೆ ಅಮ್ಮನನ್ನು ನೋಡಲು ಹೊರಟಿದ್ದಾಳೆ. ದಾರಿಯುದ್ದಕ್ಕೂ ಓದುಗ ಮಗು ‘ಅಮ್ಮ ಸಿಗುತ್ತಾಳೆ’ ಎಂದು ಕಾದಿರುತ್ತದೆ. ಕೊನೆಗೆ ಸಿಗುವುದು ಸಮಾಧಿ. ಆಕೆ ಸತ್ತ ವಿಷಯವನ್ನು ಲೇಖಕಿ ಅಷ್ಟು ಜಾಣತನದಿಂದ ಬಚ್ಚಿಟ್ಟಿದ್ದಾರೆ. ಭಾಷೆ ಸೊಗಸು, ಅಜ್ಜ ಅಜ್ಜಿಯ ಪಾತ್ರಗಳಂತೂ ಮರೆಯುವಂಥವಲ್ಲ. ಆದರೆ ಸಾವಿನ ಸುದ್ದಿಯನ್ನು ಒಮ್ಮೆ ಹಠಾತ್ತನೆ ಕೇಳಿದ ಮಗುವಿಗೆ ಮತ್ತೊಮ್ಮೆ ಹಠಾತ್ತನೆ ಕೇಳಿಸುವುದೇಕೆ? ಈ ಜಾಣತನ ತೀರ್ಪುಗಾರರಿಗೆ ಮೆಚ್ಚುಗೆಯಾದದ್ದು ಆಶ್ಚರ್ಯವಲ್ಲ.

‘ಔಟ್ ಆಫ್ ದಿ ಡಸ್ಟ್’ ನನ್ನ ನಿದ್ದೆ ಕೆಡಿಸಿತು. 1930ರ ದಶಕದಲ್ಲಿ ಧೂಳುಗಾಳಿಗೆ ಸಿಕ್ಕಿ ಹಾಳಾದ ಓಕ್ಲಹೋಮಾದ ಒಂದು ರೈತರ ಮನೆ. ಒಲೆಯ ಪಕ್ಕ ಅಪ್ಪ ಇಟ್ಟ ಬಕೆಟ್ಟಿನಲ್ಲಿದ್ದುದನ್ನು ನೀರೆಂದು ತಿಳಿದು ಬಸುರಿ ತಾಯಿ ಕಾಫಿಗೆಂದು ಸುರಿಯುತ್ತಾಳೆ. ಅದು ಸೀಮೆಎಣ್ಣೆ. ಉರಿಯುವ ಬಕೆಟ್ಟನ್ನು ಮಗಳು ಹೊರಗೆಸೆಯುತ್ತಾಳೆ. ಅದು ಒಳಗೆ ಬರುತ್ತಿದ್ದ ತಾಯಿಯ ಮೇಲೆಯೇ ಬೀಳುತ್ತದೆ. ಸ್ಟವ್ ಸಿಡಿದು ಸುಟ್ಟುಕೊಂಡ ಹೆಣ್ಣುಮಕ್ಕಳ ಸುದ್ದಿಗಳನ್ನು ಓದಿ ಓದಿ ಬೆಳೆದ ನಮ್ಮ ತಲೆಮಾರಿನ ಹೆಂಗಸರಿಗೆ ಇದು ದೂರದ ಕತೆಯೇ ಅಲ್ಲ. ಅಪ್ಪನ ತಪ್ಪೇ, ಮಗಳ ತಪ್ಪೇ? ಇಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸುವುದಕ್ಕೆ, ಸುಟ್ಟ ಕೈಗಳಿಂದ ಹುಡುಗಿ ಮತ್ತೆ ಪಿಯಾನೋ ಮುಟ್ಟುವುದಕ್ಕೆ ಇಡೀ ಪುಸ್ತಕ ಬೇಕಾಗುತ್ತದೆ. ಪದಕಕ್ಕೆ ಯೋಗ್ಯವಾದ ಪುಸ್ತಕವೇ ಹೌದು. ಆದರೆ ಹೈಸ್ಕೂಲು ಮುಟ್ಟಿದ ಹುಡುಗಿಗೆ ಕೊಡಬೇಕು, ಕೊಟ್ಟ ಮೇಲೆ ಪಕ್ಕದಲ್ಲಿ ಕೂರಬೇಕು.

‘ಸಾರಾ’ಳ ಕತೆಯೋ, ಒಂದೇ ಸಂಜೆಯಲ್ಲಿ ಓದಿ ಮುಗಿಸುವಷ್ಟು ಚಿಕ್ಕದು. ಅಮ್ಮ ಹಾಡುತ್ತಿದ್ದಳೇ ಎಂದು ತಮ್ಮ ಅಕ್ಕನನ್ನು ಮತ್ತೆ ಮತ್ತೆ ಕೇಳುತ್ತಾನೆ. ಅಪ್ಪ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಕಡಲ ತೀರದ ಊರಿನಿಂದ ಸಾರಾ ಎಂಬಾಕೆ ಮನೆಗೆ ಬರುತ್ತಾಳೆ. ಒಂದು ದಿನ ಆಕೆ ಒಬ್ಬಳೇ ಗಾಡಿ ಹೂಡಿಕೊಂಡು ಪೇಟೆಗೆ ಹೋದಾಗ ಮಕ್ಕಳಿಗೆ, ಇವಳೂ ಹೊರಟುಹೋದಳೇ ಎಂಬ ಭಯ. ಆಕೆ ಸಂಜೆ ಮರಳುವುದು ಬಣ್ಣದ ಪೆನ್ಸಿಲುಗಳೊಡನೆ. ನೀಲಿ, ಬೂದು, ಹಸಿರು. ಅವಳ ಚಿತ್ರದಲ್ಲಿ ಕಡಲು ಬರೆಯಲು ಬೇಕಾದ ಬಣ್ಣಗಳು. ಮಲತಾಯಿ ಎಂದರೆ ಬರೆ ಹಾಕುವವಳು ಎಂದೇ ಕೇಳಿ ಬೆಳೆಯುವ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಉಂಟೇ?

‘ದಿ ನೈಟ್ ಡೈರಿ’ ವೀರಾ ಹಿರಾನಂದಾನಿಯವರದು. 1947ರ ದೇಶ ವಿಭಜನೆಯ ಕಾಲ. ಮೀರ್‌ಪುರ್ ಖಾಸ್‌ನಲ್ಲಿದ್ದ ಹನ್ನೆರಡು ವರ್ಷದ ನಿಶಾ, ತಾನು ಕಣ್ಣಾರೆ ಕಾಣದ ತಾಯಿಗೆ ಪ್ರತಿರಾತ್ರಿ ಡೈರಿಯಲ್ಲಿ ಕಾಗದ ಬರೆಯುತ್ತಾಳೆ. ತಾಯಿ ಮುಸ್ಲಿಮಳು, ತಂದೆ ಹಿಂದೂ. ಡೈರಿ ಕೊಟ್ಟವನು ಅಡುಗೆಯ ಕಾಜಿ. ಮಾತೇ ಆಡದ ಈ ಹುಡುಗಿ ಅಡುಗೆಮನೆಯಲ್ಲಿ ಮಾತ್ರ ಹಗುರಾಗುತ್ತಾಳೆ. ಮನೆ ಬಿಟ್ಟು ಹೊರಡುವಾಗ ಕಾಜಿ ಅವಳಿಗೆ ಕೊಡುವುದು ಮಸಾಲೆ ಕುಟ್ಟುವ ಕಲ್ಲು! ದುಃಖಕ್ಕೆ ಕೈಕೆಲಸ ಮದ್ದು ಎಂಬುದು ನಮ್ಮ ಹೆಂಗಸರಿಗೆ ಹೊಸದಲ್ಲ. ‘ರೆಡ್, ವೈಟ್ ಅಂಡ್ ಹೋಲ್’ನ ರೇಹಾ, ತಾನು ಒಳ್ಳೆಯ ಮಗಳಾದರೆ ಅಮ್ಮ ಉಳಿಯುತ್ತಾಳೆ ಎಂದು ನಂಬುತ್ತಾಳೆ. ಸಾವಿತ್ರಿಯ ಕತೆ ಕೇಳಿ ಬೆಳೆದ ನಮಗೆ ಆ ನಂಬಿಕೆ ಎಷ್ಟು ಹತ್ತಿರದ್ದು! ಅಮ್ಮ ಉಳಿಯುವುದಿಲ್ಲ. ಅದು ಮಗಳ ತಪ್ಪಲ್ಲ ಎಂಬ ಒಂದು ಮಾತು, ತಾಯಿ ಕಳೆದುಕೊಂಡ ಹುಡುಗಿಯೊಬ್ಬಳಿಗೆ ತಲುಪಿದರೂ ಆ ಪುಸ್ತಕ ಸಾರ್ಥಕ.

ಇವೆಲ್ಲವನ್ನೂ ಓದಿದ ಮೇಲೆ ನನಗೆ ನೆನಪಾದದ್ದು ಪದಕ ತಪ್ಪಿದ ಪುಸ್ತಕವೊಂದು. ಇ. ಬಿ. ವೈಟ್ ಅವರ ‘ಷಾರ್ಲಟ್ಸ್ ವೆಬ್’ 1952ರಲ್ಲಿ ಬಂತು. 1953ರ ಪದಕ ಹೋದದ್ದು ಪೆರು ದೇಶದ ಬೆಟ್ಟಗಳಲ್ಲಿ ಲಾಮಾ ಕಾಯುವ ಹುಡುಗನ ಕತೆ ‘ಸೀಕ್ರೆಟ್ ಆಫ್ ದಿ ಆಂಡೀಸ್’ಗೆ. ಷಾರ್ಲಟ್‌ಗೆ ಎರಡನೆಯ ಸಾಲಿನ ಮನ್ನಣೆ. ಪದಕದ ಪುಸ್ತಕ ಗಂಭೀರವಾದದ್ದೇ, ಕೆಟ್ಟದ್ದಲ್ಲ. ಆದರೆ ಎಪ್ಪತ್ತು ವರ್ಷಗಳ ನಂತರವೂ ಮಕ್ಕಳು ಕೇಳಿ ಕೇಳಿ ಓದುತ್ತಿರುವುದು ಜೇಡ ಮತ್ತು ಹಂದಿಮರಿಯ ಕತೆಯನ್ನು.

ಸ್ವಲ್ಪ ಯೋಚಿಸಿ, ಇದೂ ತಾಯಿ ಸಾಯುವ ಕತೆಯೇ! ಹಂದಿಮರಿ ವಿಲ್ಬರನನ್ನು ಕತ್ತಿಯಿಂದ ಉಳಿಸಲು ತನ್ನ ಬಲೆಯಲ್ಲಿ ಅಕ್ಷರ ನೇಯ್ದ ಜೇಡ ಷಾರ್ಲಟ್, ಜಾತ್ರೆಯ ಮೈದಾನದಲ್ಲಿ 514 ಮೊಟ್ಟೆಗಳ ಚೀಲ ಕಟ್ಟಿ, ಒಂಟಿಯಾಗಿ ಸಾಯುತ್ತಾಳೆ. ಆ ಚೀಲವನ್ನು ಮೇಲಿನಿಂದ ಇಳಿಸಿ ತರಲು ವಿಲ್ಬರ್ ಹೊಟ್ಟೆಬಾಕ ಇಲಿಗೆ ಲಂಚ ಕೊಡುತ್ತಾನೆ: ಇನ್ನು ಮುಂದೆ ನನ್ನ ತೊಟ್ಟಿಯಲ್ಲಿ ಮೊದಲ ಊಟ ನಿನ್ನದು ಎಂದು! ಅಂಥ ಹೊತ್ತಿನಲ್ಲೂ ಮಗು ನಗುತ್ತದೆ. ವಿಲ್ಬರ್ ಚೀಲವನ್ನು ಬಾಯಿಯಲ್ಲಿಟ್ಟುಕೊಂಡು ಮನೆಗೆ ತರುತ್ತಾನೆ. ವಸಂತ ಬಂದಾಗ ಮರಿಗಳು ಹೊರಬಂದು ಗಾಳಿಯಲ್ಲಿ ತೇಲಿಹೋಗುತ್ತವೆ, ಮೂರು ಮಾತ್ರ ಅವನ ಬಾಗಿಲಲ್ಲಿ ಉಳಿಯುತ್ತವೆ.

ಎಂಟನೆಯ ತರಗತಿಯ ಲೈಬ್ರರಿ ಪೀರಿಯಡ್ಡಿನಲ್ಲಿ ಈ ಕತೆಯನ್ನು ನಾನು ಕನ್ನಡದಲ್ಲಿ ಹೇಳಿದ್ದುಂಟು. ಕತೆ ಮುಗಿದ ಮೇಲೆ ತಾಯಿಯಿಲ್ಲದ ಒಬ್ಬ ಹುಡುಗಿ ಕೇಳಿದಳು, ‘ಮಿಸ್, ಆ ಮೂರು ಮರಿಗಳಿಗೆ ಅವರಮ್ಮ ಹೇಗಿದ್ದಳು ಅಂತ ಯಾರು ಹೇಳಿದರು?’ ‘ಹಂದಿಯೇ ಹೇಳಿತು’ ಎಂದೆ. ‘ಹಂದಿಗೆ ಎಲ್ಲ ನೆನಪಿತ್ತಾ?’ ‘ಎಲ್ಲ ನೆನಪಿತ್ತು.’ ಅವಳು ತಲೆಯಾಡಿಸಿ ಪುಸ್ತಕ ಕೇಳಿ ಪಡೆದಳು. ಇಂಗ್ಲಿಷ್ ಅವಳಿಗೆ ಕಷ್ಟ, ಆದರೂ ಒಂದು ತಿಂಗಳು ಅದು ಅವಳ ಚೀಲದಲ್ಲೇ ಇತ್ತು.

ನಮ್ಮ ಪುಣ್ಯಕೋಟಿಯೂ ಇದನ್ನೇ ಮಾಡುತ್ತಾಳಲ್ಲವೇ? ಹುಲಿಯ ಬಳಿಗೆ ಮರಳುವ ಮೊದಲು ಕರುವಿಗೆ ಹಾಲೂಡಿಸಿ, ಬುದ್ಧಿ ಹೇಳಿ, ದೊಡ್ಡಿಯ ಒಡಹುಟ್ಟಿದವರ ಕೈಗೆ ಅದನ್ನು ಒಪ್ಪಿಸುತ್ತಾಳೆ. ಗೋವಿನ ಹಾಡನ್ನು ಎಷ್ಟು ಸಲ ಕೇಳಿದರೂ ಮಕ್ಕಳ ಕಣ್ಣು ತುಂಬುವುದು ಅಲ್ಲೇ. ಸಾವು ಹತ್ತಿರ ನಿಂತಿದೆ, ಆದರೆ ಉಳಿಯುವ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ತಿಳಿದಿದೆ. ಸಾರಾ, ಕಾಜಿ, ವಿಲ್ಬರ್, ಇವರೆಲ್ಲ ಆ ಒಡಹುಟ್ಟಿದ ಹಸುಗಳೇ. ಮಗುವಿಗೆ ಸಾವನ್ನು ಬಚ್ಚಿಡಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಜಡೆ ಹೆಣೆಯುವವರು ಯಾರು ಎಂಬುದನ್ನು ಕತೆ ಹೇಳಬೇಕು.

ನಮ್ಮಲ್ಲೂ ಈಗ ಮಕ್ಕಳ ಪುಸ್ತಕಗಳಿಗೆ ಮನ್ನಣೆಯಿದೆ. 2010ರಿಂದ ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡಕ್ಕೆ ಮೊದಲ ವರ್ಷ ಅದನ್ನು ತಂದವರು ಬೊಳುವಾರು ಮಹಮದ್ ಕುಂಞಿಯವರು, ಗಾಂಧೀಜಿಯ ಕತೆಯನ್ನು ಮಕ್ಕಳಿಗೆ ಹೇಳಿ. 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ ಬಂತು. ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದಾಗ ಸಂತೋಷಪಡೋಣ, ಆ ಪುಸ್ತಕಗಳನ್ನು ಕೊಂಡು ತರೋಣ. ಆದರೆ ಮಗುವಿನ ಕೈಗೆ ಕೊಡುವ ಮೊದಲು ಮನೆಯ ಹೆಂಗಸರಾದ ನಾವು ಮಧ್ಯಾಹ್ನದ ಒಂದೆರಡು ಗಂಟೆ ಬಿಡುವು ಮಾಡಿಕೊಂಡು ಓದಿಬಿಡೋಣ. ಸಮಿತಿಯವರು ಪುಸ್ತಕವನ್ನು ಬಲ್ಲರು. ನಮ್ಮ ಮನೆಯ ಮಗು ಈ ವರ್ಷ ಏನನ್ನು ಕಳೆದುಕೊಂಡಿದೆ, ಯಾವುದಕ್ಕೆ ಹೆದರುತ್ತಿದೆ ಎಂಬುದನ್ನು ಬಲ್ಲವರು ನಾವೇ.